ಪೂಲ್ ಆಟ: ಮೇಜಿನಿಂದ ಪಂದ್ಯಾವಳಿಯವರೆಗೆ

ಆರು ಪಾಕೆಟ್‌ಗಳಿರುವ ಮೇಜು, ಅದರ ಮೇಲೆ ಬಣ್ಣಬಣ್ಣದ ಚೆಂಡುಗಳು, ಕೈಯಲ್ಲಿ ಕ್ಯೂ ಎಂಬ ಉದ್ದನೆಯ ಕೋಲು: ಪೂಲ್ ಆಟಕ್ಕೆ ಬೇಕಾದದ್ದು ಇಷ್ಟೇ. ಆಟಗಾರ ಕ್ಯೂನಿಂದ ಬಿಳಿ ಚೆಂಡನ್ನಷ್ಟೇ ಮುಟ್ಟಬೇಕು. ಬಣ್ಣದ ಚೆಂಡು ಪಾಕೆಟ್‌ಗೆ ಬೀಳಬೇಕಾದರೆ ಬಿಳಿ ಚೆಂಡೇ ಹೋಗಿ ಅದಕ್ಕೆ ಹೊಡೆಯಬೇಕು. ಕೇರಂ ಆಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಸ್ಟ್ರೈಕರ್ ಮಾಡುವ ಕೆಲಸವನ್ನು ಇಲ್ಲಿ ಬಿಳಿ ಚೆಂಡು ಮಾಡುತ್ತದೆ. ಆದರೆ ಕೇರಂನಲ್ಲಿ ಪ್ರತಿ ಹೊಡೆತಕ್ಕೂ ಸ್ಟ್ರೈಕರನ್ನು ತಂದು ತನ್ನ ಗೆರೆಯ ಮೇಲೆ ತನಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ಪೂಲ್‌ನಲ್ಲಿ ಆ ಅನುಕೂಲವಿಲ್ಲ. ಬಿಳಿ ಚೆಂಡು ಎಲ್ಲಿ ನಿಂತಿತೋ ಮುಂದಿನ ಹೊಡೆತ ಅಲ್ಲಿಂದಲೇ. ಹೀಗಾಗಿ ಒಂದು ಚೆಂಡನ್ನು ಬೀಳಿಸುವಾಗಲೇ ಮುಂದಿನ ಚೆಂಡಿಗೆ ಬಿಳಿ ಚೆಂಡು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಿರಬೇಕು. ಸಂಜೆ ಹೊತ್ತು ಕಳೆಯಲು ಆಡುವವನನ್ನೂ ವೃತ್ತಿಪರ ಆಟಗಾರನನ್ನೂ ಬೇರೆ ಮಾಡುವುದು ಈ ಒಂದು ಲೆಕ್ಕಾಚಾರ.

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಮೂರು ಹೆಸರುಗಳನ್ನು ಜನ ಒಂದೇ ಆಟಕ್ಕೆ ಬಳಸುವುದುಂಟು. ಮೂರೂ ಒಂದೇ ಮನೆತನದವು, ಆದರೆ ಬೇರೆ ಬೇರೆ ಆಟಗಳು. ಬಿಲಿಯರ್ಡ್ಸ್‌ನಲ್ಲಿ ಇರುವುದು ಮೂರೇ ಚೆಂಡು. ಸ್ನೂಕರ್‌ನಲ್ಲಿ 15 ಕೆಂಪು, 6 ಬೇರೆ ಬಣ್ಣದವು ಮತ್ತು ಒಂದು ಬಿಳಿ ಸೇರಿ 22. ಇವೆರಡನ್ನೂ ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜಿನ ಮೇಲೆ ಆಡುತ್ತಾರೆ. ಅಂತರರಾಷ್ಟ್ರೀಯ ಪೂಲ್‌ಗೆ 9 ಅಡಿಯ ಮೇಜು ಸಾಕು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ., ಪೂಲ್ ಚೆಂಡಿನದು 57.15 ಮಿ.ಮೀ. ಮೇಜು ಚಿಕ್ಕದು, ಚೆಂಡು ದೊಡ್ಡದು, ಪಾಕೆಟ್ ಅಗಲ. ಆದ್ದರಿಂದ ಪೂಲ್ ಕಲಿಯುವುದು ಬೇಗ. ಕಲಿತವರೆಲ್ಲ ಚೆಂಡು ಬೀಳಿಸಬಲ್ಲರು ಎಂಬ ಕಾರಣಕ್ಕೇ ಅದರಲ್ಲಿ ಗೆಲ್ಲುವುದು ಕಷ್ಟ. ಒಂದು ತಪ್ಪು ಮಾಡಿದರೆ ಎದುರಾಳಿ ಮೇಜನ್ನು ಪೂರ್ತಿ ಖಾಲಿ ಮಾಡಿಯೇ ಕೂರುತ್ತಾನೆ.

ಈ ಆಟಗಳ ಚರಿತ್ರೆಯಲ್ಲಿ ಭಾರತದ ಪಾಲು ಚಿಕ್ಕದಲ್ಲ. ಸ್ನೂಕರ್ ಹುಟ್ಟಿದ್ದೇ ಇಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಬ್ರಿಟಿಷ್ ಅಧಿಕಾರಿ ಆಗಿನ ಪಿರಮಿಡ್ ಪೂಲ್ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಅದನ್ನು ರೂಪಿಸಿದ. ಮುಂದೆ 1880ರ ದಶಕದಲ್ಲಿ ಅದರ ನಿಯಮಗಳು ಕರ್ನಾಟಕದ ಗಡಿಯಾಚೆಗಿನ ಊಟಿಯ ಕ್ಲಬ್ಬಿನಲ್ಲಿ ಬರಹರೂಪ ಪಡೆದವು. ಬ್ರಿಟಿಷರು ಹೋದ ಮೇಲೂ ಮೇಜುಗಳು ಉಳಿದವು. ದಂಡುಪ್ರದೇಶದ ಕ್ಲಬ್ಬು, ಅಧಿಕಾರಿಗಳ ಕ್ಲಬ್ಬು, ರೈಲ್ವೆ ಇನ್‌ಸ್ಟಿಟ್ಯೂಟ್‌ಗಳಲ್ಲಿ ಸದಸ್ಯರು ಆಡುತ್ತಿದ್ದರು. ಚೆಂಡು ಜೋಡಿಸಿ, ಅಂಕ ಬರೆದು, ಮೇಜನ್ನು ಒರೆಸಿ ಕಾಪಾಡುವ ಕೆಲಸ ಮಾರ್ಕರ್‌ನದು. ಸದಸ್ಯರಿಗೆ ಜೊತೆಗಾರ ಸಿಗದ ದಿನ ಅವನೇ ಎದುರಾಳಿ. ಭಾರತದ ಕ್ಯೂ ಕ್ರೀಡೆಗೆ ಮೊದಲ ಗುರುಗಳು ಈ ಮಾರ್ಕರ್‌ಗಳು. ಅವರ ಹೆಸರುಗಳು ದಾಖಲೆಗೆ ಬಂದದ್ದು ತೀರ ಕಡಿಮೆ ಎಂಬುದು ಬೇಸರದ ಸಂಗತಿ.

1958ರಲ್ಲಿ ಕಲ್ಕತ್ತದಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪಟ್ಟ ಗೆದ್ದರು. ಯಾವುದೇ ವೈಯಕ್ತಿಕ ಕ್ರೀಡೆಯಲ್ಲಿ ಸ್ವತಂತ್ರ ಭಾರತದ ಮೊದಲ ವಿಶ್ವ ಚಾಂಪಿಯನ್ ಅವರು. ಅವರ ಬಳಿಕ ಮೈಕೆಲ್ ಫೆರೇರಾ, ಗೀತ್ ಸೇಠಿ ಬಂದರು. 1984ರಲ್ಲಿ ಓಂ ಅಗರ್‌ವಾಲ್ ಡಬ್ಲಿನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ತಂದರು. ಪೂಲ್ ಮಾತ್ರ ಭಾರತಕ್ಕೆ ತಡವಾಗಿ ಬಂತು. ಅದು ಅಮೆರಿಕದಲ್ಲಿ ಬೆಳೆದ ಆಟ. 1990ರ ದಶಕದಲ್ಲಿ ದೊಡ್ಡ ಊರುಗಳಲ್ಲಿ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುವ ಪಾರ್ಲರ್‌ಗಳು ತೆರೆದಾಗ, ಕ್ಲಬ್ಬಿನ ಸದಸ್ಯತ್ವ ಇಲ್ಲದ ಹುಡುಗರಿಗೂ ಕ್ಯೂ ಹಿಡಿಯುವ ಅವಕಾಶ ಸಿಕ್ಕಿತು.

ವೃತ್ತಿಪರರು ಹೆಚ್ಚಾಗಿ ಆಡುವುದು ನೈನ್‌ಬಾಲ್. ಒಂದರಿಂದ ಒಂಬತ್ತರವರೆಗೆ ಅಂಕೆ ಇರುವ ಚೆಂಡುಗಳನ್ನು ವಜ್ರಾಕೃತಿಯಲ್ಲಿ ಜೋಡಿಸುತ್ತಾರೆ. ಹೀಗೆ ಜೋಡಿಸಿ ಆಡುವ ಒಂದು ಸಲದ ಆಟಕ್ಕೆ ರ‍್ಯಾಕ್ ಎಂದು ಹೆಸರು. ಒಂದನೆಯದು ತುದಿಯಲ್ಲಿ, ಹಳದಿ ಪಟ್ಟಿಯ ಒಂಬತ್ತನೆಯದು ನಡುವೆ. ಪ್ರತಿ ಹೊಡೆತದಲ್ಲೂ ಬಿಳಿ ಚೆಂಡು ಮೇಜಿನ ಮೇಲಿರುವ ಅತಿ ಚಿಕ್ಕ ಅಂಕೆಯ ಚೆಂಡನ್ನೇ ಮೊದಲು ಮುಟ್ಟಬೇಕು. ಆಮೇಲೆ ಯಾವ ಚೆಂಡು ಬಿದ್ದರೂ ಸರಿ. ನಿಯಮಬದ್ಧವಾಗಿ ಒಂಬತ್ತನ್ನು ಬೀಳಿಸಿದವನಿಗೆ ಆ ರ‍್ಯಾಕ್. ಅದೃಷ್ಟ ಒಲಿದರೆ ಮೊದಲ ಹೊಡೆತದಲ್ಲೇ ಒಂಬತ್ತು ಬಿದ್ದು ರ‍್ಯಾಕ್ ಮುಗಿಯಬಹುದು. ಚಿಕ್ಕ ಅಂಕೆಯ ಚೆಂಡನ್ನು ಮೊದಲು ಮುಟ್ಟದಿದ್ದರೆ, ಅಥವಾ ಮುಟ್ಟಿದ ಮೇಲೆ ಯಾವ ಚೆಂಡೂ ಬೀಳದೆ, ಯಾವುದೂ ಮೇಜಿನ ಅಂಚಿನ ಕುಷನ್‌ಗೂ ತಾಗದಿದ್ದರೆ ಫೌಲ್. ಆಗ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳುತ್ತಾನೆ. ಈ ಮಟ್ಟದಲ್ಲಿ ಅದು ರ‍್ಯಾಕನ್ನು ಕೊಟ್ಟುಬಿಟ್ಟ ಹಾಗೆಯೇ. ಸತತ ಮೂರು ಫೌಲ್ ಮಾಡಿದವನು ರ‍್ಯಾಕ್ ಸೋಲುತ್ತಾನೆ.

ನಿಯಮ ಇಷ್ಟು ಸರಳವಾದರೂ ಆಟದೊಳಗೆ ಎರಡು ಆಟಗಳಿವೆ. ಮೊದಲನೆಯದು ಬೀಳಿಸುವ ಆಟ. ಚೆಂಡಿನ ಮಧ್ಯಕ್ಕಿಂತ ಕೆಳಗೆ ಹೊಡೆದರೆ ಬಿಳಿ ಚೆಂಡು ಡಿಕ್ಕಿಯಾದ ಮೇಲೆ ಹಿಂದಕ್ಕೆ ಬರುತ್ತದೆ, ಮೇಲೆ ಹೊಡೆದರೆ ಹಿಂಬಾಲಿಸಿಕೊಂಡು ಹೋಗುತ್ತದೆ, ಎಡಕ್ಕೋ ಬಲಕ್ಕೋ ಹೊಡೆದರೆ ಕುಷನ್‌ಗೆ ತಾಗಿದಾಗ ದಿಕ್ಕು ಬದಲಿಸುತ್ತದೆ. ಕ್ಯೂ ತುದಿಯ ಚರ್ಮದ ಟಿಪ್‌ಗೆ ಚಾಕ್ ಉಜ್ಜುವುದು ಇದಕ್ಕಾಗಿಯೇ: ಅಂಚಿನಲ್ಲಿ ಹೊಡೆದಾಗ ಟಿಪ್ ಜಾರಬಾರದು. ಎರಡನೆಯದು ಬಚ್ಚಿಡುವ ಆಟ. ಬೀಳಿಸಲು ದಾರಿ ಇಲ್ಲದಾಗ ಬಿಳಿ ಚೆಂಡನ್ನು ಬೇರೊಂದು ಚೆಂಡಿನ ಹಿಂದೆ ಮರೆಮಾಡಿ, ಎದುರಾಳಿಗೆ ಗುರಿಯ ಚೆಂಡು ಕಾಣದಂತೆ ಬಿಡುವುದು. ಇದಕ್ಕೆ ಸೇಫ್ಟಿ ಎನ್ನುತ್ತಾರೆ. ಟಿವಿಯಲ್ಲಿ ನೋಡುವವರಿಗೆ ರುಚಿಸುವುದು ಬೀಳಿಸುವ ಆಟ. ಆದರೆ ಸಮಬಲರ ನಡುವೆ ಪಂದ್ಯ ತೀರ್ಮಾನವಾಗುವುದು ಬಹಳ ಸಲ ಸೇಫ್ಟಿಯಲ್ಲಿ. ಸೇಫ್ಟಿಗೆ ಉತ್ತರ ಕೊಡುವುದೂ ಒಂದು ವಿದ್ಯೆ: ಒಂದೆರಡು ಕುಷನ್‌ಗೆ ಬಡಿಸಿ ಮರೆಯಲ್ಲಿರುವ ಚೆಂಡನ್ನು ಮುಟ್ಟುವುದು, ಇಲ್ಲವೇ ಚಿಕ್ಕ ಜಂಪ್ ಕ್ಯೂ ತೆಗೆದುಕೊಂಡು ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸುವುದು.

ಇವೆಲ್ಲಕ್ಕೂ ಮೊದಲು ಬ್ರೇಕ್. ಜೋಡಿಸಿಟ್ಟ ಚೆಂಡುಗಳನ್ನು ಒಡೆಯುವ ಈ ಹೊಡೆತಕ್ಕೆ ವೃತ್ತಿಪರರು ಬೇರೆಯೇ ಕ್ಯೂ ಇಟ್ಟುಕೊಂಡಿರುತ್ತಾರೆ. ಕನಿಷ್ಠ ಒಂದು ಚೆಂಡು ಬೀಳಬೇಕು, ಬಿಳಿ ಚೆಂಡು ಮೇಜಿನ ನಡುವೆ ನಿಲ್ಲಬೇಕು, ಒಂದನೆಯ ಚೆಂಡು ಹೊಡೆಯಲು ಸಿಗುವಂತಿರಬೇಕು. ಇದು ಬರಿಯ ತೋಳಿನ ಬಲದಿಂದ ಆಗುವುದಲ್ಲ. ಚೆಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅವು ಚದುರುವ ರೀತಿ ಬದಲಾಗುತ್ತದೆ. ಅದಕ್ಕೇ ಈಗಿನ ದೊಡ್ಡ ಪಂದ್ಯಾವಳಿಗಳಲ್ಲಿ ರೆಫರಿಯೇ ಚೆಂಡು ಜೋಡಿಸುವ ಪದ್ಧತಿ ಇದೆ.

ಮೇಜಿನ ವಿಷಯ ಸ್ವಲ್ಪ ವಿವರವಾಗಿ ತಿಳಿಯಬೇಕು, ಏಕೆಂದರೆ ಆಟಗಾರನ ಊರು ಯಾವುದು ಎಂಬುದು ಅವನ ಆಟವನ್ನು ತಟ್ಟುವುದು ಇಲ್ಲಿಯೇ. ಮೇಜಿನ ತಳ ಮರದ್ದಲ್ಲ, ಸ್ಲೇಟ್ ಕಲ್ಲಿನದು. ಮರ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಪೂರ್ಣ ಅಳತೆಯ ಸ್ನೂಕರ್ ಮೇಜು ಒಂದು ಟನ್‌ಗೂ ಹೆಚ್ಚು ಭಾರ ಇರುವುದು ಈ ಕಲ್ಲಿನಿಂದ. ಕಲ್ಲಿನ ಮೇಲೆ ಬಿಗಿದು ಕಟ್ಟಿದ ಬಟ್ಟೆ. ಸ್ನೂಕರ್ ಮೇಜಿನ ಉಣ್ಣೆಬಟ್ಟೆಗೆ ಒಂದೇ ದಿಕ್ಕಿಗೆ ಬಾಚಿದ ನವಿರಾದ ರೋಮ ಇರುತ್ತದೆ. ಚೆಂಡು ನಿಧಾನವಾದಂತೆ ಆ ರೋಮದ ದಿಕ್ಕಿಗೆ ಸ್ವಲ್ಪ ವಾಲುತ್ತದೆ. ಪಂದ್ಯದ ಪೂಲ್ ಬಟ್ಟೆಗೆ ರೋಮವಿಲ್ಲ, ಹೊಸೆದ ನೂಲಿನ ಬಿಗಿ ನೇಯ್ಗೆ, ಆದ್ದರಿಂದ ಚೆಂಡು ಬೇಗ ಓಡುತ್ತದೆ. ನೂಲು, ಬಿಗಿ, ಹೊಕ್ಕು, ಹಾಸಿನ ವಿಷಯದಲ್ಲಿ ನಮ್ಮ ಗದಗ-ಬೆಟಗೇರಿಯ ನೇಕಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಳೆಯ, ಸವೆದ ಬಟ್ಟೆಯ ಮೇಲೆ ಕಲಿತವನು ಹೊಸ ಬಟ್ಟೆಯ ಮೇಲೆ ಅದೇ ಬಲದಿಂದ ಹೊಡೆದರೆ ಬಿಳಿ ಚೆಂಡು ಎಣಿಸಿದ್ದಕ್ಕಿಂತ ಒಂದಡಿ ಮುಂದೆ ಹೋಗಿ ನಿಲ್ಲುತ್ತದೆ ಎಂಬುದು ಅವರಿಗೆ ಮುಟ್ಟಿದ ಕೂಡಲೇ ಹೊಳೆಯುವಂಥದ್ದು.

ಬಟ್ಟೆಗೆ ಎರಡು ಶತ್ರುಗಳು: ಧೂಳು ಮತ್ತು ತೇವ. ಗದಗ ಸೀಮೆಯ ಬೇಸಿಗೆ ಒಣ. ಎರೆಹೊಲದ ಮೇಲಿಂದ ಬೀಸುವ ಗಾಳಿ ಸಣ್ಣ ಧೂಳನ್ನು ಹೊತ್ತು ತರುತ್ತದೆ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಇಲ್ಲಿನ ಗಾಳಿಗೆ ಸಾಕ್ಷಿ. ಧೂಳು ಕುಳಿತ ಬಟ್ಟೆಯ ಮೇಲೆ ಚೆಂಡು ನಿಧಾನವಾಗುತ್ತದೆ, ಕೊಳೆಯಾದ ಚೆಂಡುಗಳು ಡಿಕ್ಕಿಯ ಕ್ಷಣದಲ್ಲಿ ಒಂದಕ್ಕೊಂದು ಅಂಟಿದಂತಾಗಿ ದಾರಿ ತಪ್ಪುತ್ತವೆ. ಮಳೆಗಾಲದ ತೇವ ಬಟ್ಟೆಯನ್ನು ಭಾರ ಮಾಡಿ ಕುಷನ್‌ನ ಪುಟಿತವನ್ನು ಬದಲಿಸುತ್ತದೆ. ಸ್ನೂಕರ್‌ನ ದೊಡ್ಡ ಪಂದ್ಯಾವಳಿಗಳಲ್ಲಿ ಕಲ್ಲನ್ನು ಕೆಳಗಿನಿಂದ ಬೆಚ್ಚಗಿಡುವುದು ಇದನ್ನು ತಡೆಯಲು. ಸಣ್ಣ ಊರಿನ ಮೇಜಿಗೆ ಆ ಸೌಕರ್ಯ ಬೇಡ. ಕಿಟಕಿ ಮುಚ್ಚಿದ ಕೋಣೆ, ಆಟ ಮುಗಿದ ಮೇಲೆ ಹೊದಿಸುವ ಹೊದಿಕೆ, ದಿನವೂ ಬ್ರಷ್ ಹೊಡೆಯುವ ಶಿಸ್ತು, ಚೆಂಡು ತೊಳೆಯುವ ರೂಢಿ ಇದ್ದರೆ ಸಾಕು. ಹೊಡೆತ ತಪ್ಪಿದ್ದು ತನ್ನಿಂದಲೋ ಮೇಜಿನಿಂದಲೋ ಎಂದು ತಿಳಿಯದ ಕಡೆ ಯಾರೂ ಕಲಿಯಲಾರರು.

ಪಂದ್ಯಾವಳಿಯ ಲೆಕ್ಕ ರ‍್ಯಾಕ್‌ಗಳಲ್ಲಿ. ‘ರೇಸ್ ಟು ನೈನ್’ ಎಂದರೆ ಮೊದಲು ಒಂಬತ್ತು ರ‍್ಯಾಕ್ ಗೆದ್ದವನಿಗೆ ಪಂದ್ಯ. ಸುತ್ತು ಮುಂದುವರಿದಂತೆ ಈ ಸಂಖ್ಯೆ ಏರುತ್ತದೆ, ಏಕೆಂದರೆ ಪಂದ್ಯ ಉದ್ದವಾದಷ್ಟೂ ಅದೃಷ್ಟದ ಪಾಲು ಕಡಿಮೆ. ದೊಡ್ಡ ಪಂದ್ಯಾವಳಿಗೆ 128 ಜನ, ಅಮೆರಿಕದ ಯು.ಎಸ್. ಓಪನ್‌ನಂಥದ್ದಕ್ಕೆ 256 ಜನ ಸೇರುತ್ತಾರೆ. ಮೊದಲ ಹಂತದಲ್ಲಿ ಒಮ್ಮೆ ಸೋತವನು ಕೂಡಲೇ ಮನೆಗೆ ಹೋಗುವುದಿಲ್ಲ. ಸೋತವರ ಸಾಲಿಗೆ ಇಳಿದು ಇನ್ನೊಂದು ಅವಕಾಶ ಪಡೆಯುತ್ತಾನೆ. ಎರಡನೆಯ ಸೋಲಿಗೆ ಹೊರಗೆ. ಆಟಗಾರರು 64ಕ್ಕೋ ಅದಕ್ಕಿಂತ ಕಡಿಮೆಗೋ ಇಳಿದ ಮೇಲೆ ಸೋಲು ಒಂದೇ, ಅದೇ ಕೊನೆ. ಟಿವಿ ಮೇಜಿನಲ್ಲಿ ಸಾಮಾನ್ಯವಾಗಿ ಒಂದು ಹೊಡೆತಕ್ಕೆ 30 ಸೆಕೆಂಡು.

ಹೊರಗಿನವರಿಗೆ ಕಾಣದ ಭಾಗವೆಂದರೆ ಕಾಯುವುದು. ಎದುರಾಳಿ ಮೇಜಿನ ಬಳಿ ಇರುವಷ್ಟು ಹೊತ್ತು ಆಟಗಾರ ಕುರ್ಚಿಯಲ್ಲಿ ಕುಳಿತೇ ಇರಬೇಕು. ಕುಸ್ತಿಯಲ್ಲೋ ಹಾಕಿಯಲ್ಲೋ ಎದುರಾಳಿಯನ್ನು ತಡೆಯಲು ಪ್ರತಿ ಕ್ಷಣವೂ ಏನಾದರೂ ಮಾಡಬಹುದು. ಪೂಲ್‌ನಲ್ಲಿ ಕುಳಿತವನು ಏನೂ ಮಾಡಲಾರ. ನಾಲ್ಕೈದು ರ‍್ಯಾಕ್ ಹೀಗೆ ಸುಮ್ಮನೆ ನೋಡಿ, ಆಮೇಲೆ ಸಿಕ್ಕ ಒಂದೇ ಕಠಿಣ ಹೊಡೆತಕ್ಕೆ ತಣ್ಣಗೆ ಎದ್ದು ಹೋಗುವ ಮನಸ್ಸನ್ನು ಅಭ್ಯಾಸದ ಕೋಣೆಯಲ್ಲಿ ಒಬ್ಬನೇ ಕಲಿಯಲಾಗದು. ಪಂದ್ಯಾವಳಿಯಿಂದ ಪಂದ್ಯಾವಳಿಗೆ ಸುತ್ತುವುದೇ ಈ ಕ್ರೀಡೆಯ ಶಾಲೆ ಎನ್ನುವುದು ಇದರಿಂದ. ಮನೆಯ ಮೇಜಿನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ಹೊಸ ಮೇಜು, ಹೊಸ ಬೆಳಕು, ಹೊಸ ಎದುರಾಳಿಯ ಮುಂದೆ ಆಟ ನಿಲ್ಲಬೇಕು.

ಈ ಸುತ್ತಾಟಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದೇ ವೃತ್ತಿಯ ಮುಖ್ಯ ಪ್ರಶ್ನೆ. ಮೇಲ್ಮಟ್ಟದಲ್ಲಿ ಮೊತ್ತ ದೊಡ್ಡದೇ. 2024ರಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ವಿಶ್ವ ಪೂಲ್ ಚಾಂಪಿಯನ್‌ಷಿಪ್‌ನ ಒಟ್ಟು ಬಹುಮಾನ 10 ಲಕ್ಷ ಡಾಲರ್; ವಿಜೇತನಿಗೆ ಎರಡೂವರೆ ಲಕ್ಷ. ಅಂತಿಮ ಪಂದ್ಯದಲ್ಲಿ ಫೆಡೋರ್ ಗೋರ್ಸ್ಟ್ ಅಲ್ಬೇನಿಯಾದ ಎಕ್ಲೆಂಟ್ ಕಾಚಿಯನ್ನು 15–14ರಿಂದ ಸೋಲಿಸಿದರು. ಕೊನೆಯ ಒಂದು ರ‍್ಯಾಕ್ ಅಷ್ಟು ಹಣದ ಹಂಚಿಕೆಯನ್ನು ನಿರ್ಧರಿಸಿತು. ಆದರೆ ಮೊದಲ ಸುತ್ತುಗಳಲ್ಲೇ ಹೊರಬಿದ್ದವರ ಲೆಕ್ಕ ಬೇರೆ. ಪ್ರವೇಶ ಶುಲ್ಕ, ವಿಮಾನ, ವೀಸಾ, ಹೋಟೆಲು ಎಲ್ಲವೂ ಆಟಗಾರನದೇ ಖರ್ಚು. ಕ್ರಮಾಂಕದ ಮೇಲ್ತುದಿಯಲ್ಲಿರುವ ಕೆಲವರನ್ನು ಬಿಟ್ಟರೆ ಉಳಿದವರು ಪ್ರಾಯೋಜಕರನ್ನೋ, ತರಬೇತಿ ಕೊಟ್ಟು ಗಳಿಸಿದ್ದನ್ನೋ, ಬೇರೆ ನೌಕರಿಯನ್ನೋ ನೆಚ್ಚಿಕೊಂಡೇ ಬದುಕುತ್ತಾರೆ.

ಆಡಳಿತವೂ ಒಂದೇ ಕೈಯಲ್ಲಿಲ್ಲ. ಪೂಲ್‌ನ ವಿಶ್ವ ಸಂಸ್ಥೆ ಡಬ್ಲ್ಯುಪಿಎ. ದೊಡ್ಡ ಬಹುಮಾನದ ಪಂದ್ಯಾವಳಿಗಳನ್ನು ನಡೆಸುವುದು ಇಂಗ್ಲೆಂಡಿನ ಮ್ಯಾಚ್‌ರೂಮ್ ಎಂಬ ಖಾಸಗಿ ಕಂಪನಿ. 1994ರಿಂದ ನಡೆಯುತ್ತಿರುವ ಅಮೆರಿಕ–ಯುರೋಪ್ ನಡುವಿನ ಮೊಸ್ಕೋನಿ ಕಪ್ ಅದರದ್ದು, 2023ರಲ್ಲಿ ಆರಂಭವಾದ ವರ್ಲ್ಡ್ ನೈನ್‌ಬಾಲ್ ಟೂರ್ ಕೂಡ ಅದರದ್ದು. 2024ರಲ್ಲಿ ಮಾನ್ಯತೆಯ ವಿಚಾರಕ್ಕೆ ಎರಡು ಕಡೆಗೂ ಜಗಳ ಬಂದಾಗ ಏಷ್ಯಾದ ಆಟಗಾರರು ನಿಷೇಧದ ಭಯಕ್ಕೆ ಸಿಲುಕಿದರು. ಹೊಟ್ಟೆಪಾಡಿಗೆ ಆಡುವವರಿಗೆ ಇಂಥ ಜಗಳ ಸೋಲಿಗಿಂತ ದುಬಾರಿ.

ಹಣವಿಲ್ಲದ ಹುಡುಗನೊಬ್ಬ ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಫಿಲಿಪೈನ್ಸ್‌ನ ಎಫ್ರೆನ್ ರೇಯೆಸ್ ಉದಾಹರಣೆ. 1954ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಮನಿಲಾದ ತಮ್ಮ ಸಂಬಂಧಿಕರ ಪೂಲ್ ಅಂಗಡಿಗೆ ಕೆಲಸಕ್ಕೆ ಬಂದರು. ರಾತ್ರಿ ಮಲಗುತ್ತಿದ್ದುದು ಅಲ್ಲಿನ ಪೂಲ್ ಮೇಜಿನ ಮೇಲೆಯೇ. ಎತ್ತರ ಸಾಲದೆ ತಂಪು ಪಾನೀಯದ ಬಾಟಲಿಯ ಕ್ರೇಟ್ ಮೇಲೆ ನಿಂತು ಆಡುತ್ತಿದ್ದರು. 1985ರಲ್ಲಿ ಅಮೆರಿಕಕ್ಕೆ ಹೋದಾಗ ತಮ್ಮ ಹೆಸರು ಗೊತ್ತಾದರೆ ಎದುರಾಳಿಗಳು ಸಿಗಲಾರರೆಂದು ಸೀಸರ್ ಮೊರಾಲೆಸ್ ಎಂಬ ಹೆಸರಿನಲ್ಲಿ ಆಡಿ ಗೆದ್ದರು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ನೈನ್‌ಬಾಲ್ ಪಟ್ಟ ಪಡೆದರು. ಮರೆಯಲ್ಲಿರುವ ಚೆಂಡನ್ನು ಕುಷನ್‌ಗಳ ಮೂಲಕ ತಲುಪುವ ಅವರ ಕೌಶಲಕ್ಕೆ ‘ಮಾಂತ್ರಿಕ’ ಎಂಬ ಹೆಸರು ಬಂತು. ಅಮೆರಿಕದ ಶೇನ್ ವ್ಯಾನ್ ಬೋನಿಂಗ್ ಹುಟ್ಟಿನಿಂದಲೇ ಕಿವಿ ಕೇಳದವರು, ಶ್ರವಣ ಸಾಧನ ಬಳಸುತ್ತಾರೆ. 2022ರಲ್ಲಿ ವಿಶ್ವ ಪಟ್ಟ ಅವರದಾಯಿತು.

ಭಾರತದಲ್ಲಿ ಈ ಮೂರೂ ಆಟಗಳನ್ನು ನಡೆಸುವುದು ಬಿಲಿಯರ್ಡ್ಸ್ ಅಂಡ್ ಸ್ನೂಕರ್ ಫೆಡರೇಷನ್ ಆಫ್ ಇಂಡಿಯಾ. ಆಟಗಾರ ಮೊದಲು ತನ್ನ ರಾಜ್ಯದ ಚಾಂಪಿಯನ್‌ಷಿಪ್ ಆಡಿ, ಅಲ್ಲಿ ಪಡೆದ ಸ್ಥಾನದ ಮೇಲೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಾನೆ. ಅಲ್ಲಿಂದ ಏಷ್ಯಾ, ವಿಶ್ವ ಮಟ್ಟ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸಬ್ ಜೂನಿಯರ್, ಜೂನಿಯರ್, ಸೀನಿಯರ್ ವಿಭಾಗಗಳಿದ್ದು, ಪೂಲ್‌ಗೆ ಏಟ್‌ಬಾಲ್, ನೈನ್‌ಬಾಲ್ ಪಟ್ಟಗಳು ಪ್ರತ್ಯೇಕ. ಇಲ್ಲಿ ಬಹುಮಾನದ ಹಣವೊಂದರಿಂದಲೇ ಬದುಕುವುದು ಕಷ್ಟ. ಭಾರತದ ಆಟಗಾರನನ್ನು ಸಾಕುತ್ತಿರುವುದು ನೌಕರಿ. ಪೆಟ್ರೋಲಿಯಂ ಕಂಪನಿಗಳು, ರೈಲ್ವೆ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ಸಂಬಳ, ರಜೆ, ಪ್ರಯಾಣದ ಖರ್ಚು ಕೊಡುತ್ತವೆ. ಬಿಲಿಯರ್ಡ್ಸ್, ಸ್ನೂಕರ್ ಎರಡನ್ನೂ ಆಡುವ ಪಂಕಜ್ ಅಡ್ವಾಣಿ ಒಎನ್‌ಜಿಸಿಯವರು. ಸ್ನೂಕರ್‌ನ ಕಮಲ್ ಚಾವ್ಲಾ, ಮಲ್ಕೀತ್ ಸಿಂಗ್ ರೈಲ್ವೆಯವರು. ಜಾಗತಿಕ ಟೂರ್‌ನ ಕನಸು ಎಷ್ಟೇ ದೊಡ್ಡದಿರಲಿ, ಭಾರತೀಯ ಆಟಗಾರನ ಪಂದ್ಯಜೀವನ ನಿಂತಿರುವುದು ಕ್ರೀಡಾ ಕೋಟಾದ ಮೇಲೆ. ಈ ಕೋಟಾ ಕುಗ್ಗಿದರೆ ಆಟವೂ ಕುಗ್ಗುತ್ತದೆ.

ಕರ್ನಾಟಕದಲ್ಲಿ ಈ ಕ್ರೀಡೆಯ ಕೇಂದ್ರ ಬೆಂಗಳೂರಿನ ವಸಂತನಗರದಲ್ಲಿರುವ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ. ಪುಣೆಯಲ್ಲಿ 1985ರಲ್ಲಿ ಹುಟ್ಟಿ, ಕುವೈತ್‌ನಲ್ಲಿ ಬಾಲ್ಯದ ಕೆಲವು ವರ್ಷ ಕಳೆದು ಬೆಂಗಳೂರಿಗೆ ಬಂದ ಪಂಕಜ್ ಅಡ್ವಾಣಿ ಅರವಿಂದ ಸವೂರ್ ಅವರ ಕೈಯಲ್ಲಿ ತರಬೇತಿ ಪಡೆದರು. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಪಟ್ಟ ಗೆದ್ದಾಗ ಅವರಿಗೆ 18 ವರ್ಷ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದು ಅವರ 28ನೆಯ ವಿಶ್ವ ಪಟ್ಟ. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳ ಬಿಲಿಯರ್ಡ್ಸ್ ಚಿನ್ನವೂ ಅವರದೇ. ಇಂಥ ಆಟಗಾರ 2012ರಲ್ಲಿ ಇಂಗ್ಲೆಂಡಿನ ವೃತ್ತಿಪರ ಸ್ನೂಕರ್ ಟೂರ್ ಸೇರಿ, 2013ರ ವೆಲ್ಷ್ ಓಪನ್‌ನಲ್ಲಿ ಎಂಟರ ಘಟ್ಟ ತಲುಪಿಯೂ, 2014ರಲ್ಲಿ ಟೂರ್ ಬಿಟ್ಟು ಬಂದರು. ಭಾರತದಲ್ಲೇ ಇದ್ದು ಬಿಲಿಯರ್ಡ್ಸ್, ಸ್ನೂಕರ್ ಎರಡನ್ನೂ ಆಡುವ ಆಯ್ಕೆ ಅವರದು. ಟೂರ್ ಎಂದರೆ ವರ್ಷದ ಬಹುಭಾಗ ಪರದೇಶದ ಬಾಡಿಗೆ ಮನೆ, ಒಂಟಿ ಅಭ್ಯಾಸ, ಒಂದರ ಹಿಂದೊಂದು ಅರ್ಹತಾ ಸುತ್ತು. ಅದನ್ನು ಬಿಟ್ಟು ಬಂದ ನಂತರವೂ ಅವರು ವಿಶ್ವ ಪಟ್ಟಗಳ ಮೇಲೆ ಪಟ್ಟ ಗೆದ್ದರು. ಆ ತೀರ್ಮಾನವನ್ನು ಹಿಂಜರಿಕೆ ಎಂದು ಕರೆಯುವುದು ಸರಿಯಲ್ಲ.

ರಾಜ್ಯದ ಮಹಿಳೆಯರ ಕಥೆ ಇನ್ನೂ ಹೆಚ್ಚು ಗಮನಕ್ಕೆ ಅರ್ಹ. ಚಿತ್ರಾ ಮಗಿಮೈರಾಜ್ ಹಾಕಿ ಆಡುತ್ತಿದ್ದವರು. ಗಾಯದಿಂದ ಮೈದಾನ ಬಿಡಬೇಕಾಗಿ ಬಂದಾಗ ಕ್ಯೂ ಹಿಡಿದರು, 2006 ಮತ್ತು 2007ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು. ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ವಿಶ್ವ ಮಹಿಳಾ ಸ್ನೂಕರ್ ಅಂತಿಮ ಪಂದ್ಯದಲ್ಲಿ ಹಾಂಕಾಂಗ್‌ನ ಎನ್‌ಜಿ ಆನ್-ಯೀ ಎದುರು 5–6ರಿಂದ ಸೋತರು. ಪಟ್ಟಕ್ಕೂ ಅವರಿಗೂ ನಡುವೆ ಇದ್ದದ್ದು ಒಂದೇ ಫ್ರೇಮ್ (ಪೂಲ್‌ನ ರ‍್ಯಾಕ್ ಇದ್ದಂತೆ). ಆರ್. ಉಮಾದೇವಿ ರಾಜ್ಯ ತೋಟಗಾರಿಕೆ ಇಲಾಖೆಯ ನೌಕರರಾಗಿದ್ದರು. ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋದವರಿಗೆ ಮೇಜು ಖಾಲಿ ಸಿಗಲಿಲ್ಲ. ಪಕ್ಕದಲ್ಲಿದ್ದ ಬಿಲಿಯರ್ಡ್ಸ್ ಕಡೆ ತಿರುಗಿದರು. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟ ಅವರದಾಯಿತು. ಸರ್ಕಾರಿ ಕಚೇರಿಯ ಕೆಲಸ, ಮನೆ, ಸಂಜೆಯ ಅಭ್ಯಾಸ ಇವುಗಳ ನಡುವೆ ಬಂದ ವಿಶ್ವ ಪಟ್ಟ ಅದು. ಮೇಜು ಕೈಗೆ ಎಟಕುವ ದೂರದಲ್ಲಿ ಇದ್ದದ್ದರಿಂದ ಸಾಧ್ಯವಾಯಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗ ಹುಡುಗಿಯರ ಮುಂದಿರುವ ಅಡ್ಡಿ ಈ ದೂರವೇ. ಮೇಲೆ ಹೇಳಿದ ರಾಜ್ಯದ ಆಟಗಾರರ ಸಾಧನೆಗಳೆಲ್ಲ ಬೆಂಗಳೂರಿನ ಮೇಜುಗಳ ಮೇಲೆ ಬೆಳೆದವು. ಅವು ಗದಗದಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಹಂಪಿ ಎಕ್ಸ್‌ಪ್ರೆಸ್ ಎರಡೂ ಗದಗ ಜಂಕ್ಷನ್ ಮೇಲೆಯೇ ಹೋಗುತ್ತವೆ. ರಾಜ್ಯ ಮಟ್ಟದ ಪಂದ್ಯಕ್ಕೆ ರಾತ್ರಿ ಹತ್ತಿ ಬೆಳಗ್ಗೆ ಇಳಿಯಬಹುದು, ಆದರೆ ದಿನದ ಅಭ್ಯಾಸಕ್ಕೆ ಅದು ದಾರಿಯಲ್ಲ. ಲಕ್ಷ್ಮೇಶ್ವರ, ಮುಂಡರಗಿಗಳಿಂದ ಜಿಲ್ಲಾ ಕೇಂದ್ರಕ್ಕೇ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಬೇಕು. ದೂರವನ್ನು ಗೆದ್ದ ಮಾದರಿ ಈ ಊರಿನಲ್ಲೇ ಇದೆ, ಬೇರೆ ಆಟದಲ್ಲಿ. 1970ರಲ್ಲಿ ಗದಗದಲ್ಲಿ ಹುಟ್ಟಿದ ಸುನಿಲ್ ಜೋಶಿ ಶಾಲಾ ದಿನಗಳಲ್ಲಿ ಬೆಳಗಿನ ರೈಲು ಹಿಡಿದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಕ್ರಿಕೆಟ್ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಮುಂದೆ ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. ಆದರೆ ಅಷ್ಟು ಕಷ್ಟಪಡಬಲ್ಲವರು ಸಾವಿರಕ್ಕೊಬ್ಬರು. ಉಳಿದವರಿಗೆ ಊರಲ್ಲೇ ಮೇಜು ಬೇಕು.

ಅದಕ್ಕೆ ಬೇಕಾದ ಜಾಗ ಹೆಚ್ಚಲ್ಲ. ಗೋಡೆಗೆ ಕ್ಯೂ ತಾಗದಂತೆ ಆಡಲು ಪೂರ್ಣ ಸ್ನೂಕರ್ ಮೇಜಿಗೆ ಸುಮಾರು 22 ಅಡಿ ಉದ್ದ, 16 ಅಡಿ ಅಗಲದ ಕೋಣೆ ಬೇಕು. 9 ಅಡಿಯ ಪೂಲ್ ಮೇಜಿಗೆ 18 ಅಡಿ ಉದ್ದ, 14 ಅಡಿ ಅಗಲ ಸಾಕು. 30×40 ಅಡಿಯ ನಿವೇಶನದ ಕೆಳಮಹಡಿಯಲ್ಲಿ ಇದು ಹಿಡಿಸುತ್ತದೆ. ಕಾಲೇಜು, ನೌಕರರ ಸಂಘ, ರೈಲ್ವೆ ಇಲಾಖೆ ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಪಕ್ಕದ ಹುಬ್ಬಳ್ಳಿಯಲ್ಲೇ ಇದೆ. ಸಣ್ಣ ಊರಿಗೆ ಪೂಲ್ ಹೆಚ್ಚು ಹೊಂದುವುದು ಈ ಅಳತೆಯಿಂದಲೇ: ಕಡಿಮೆ ಜಾಗ, ಕಡಿಮೆ ಖರ್ಚು, ಬೇಗ ಕಲಿಕೆ. ಪೂಲ್‌ನಲ್ಲಿ ಕೈ ಕುದುರಿದವನು ಮುಂದೆ ಸ್ನೂಕರ್‌ಗೂ ಹೋಗಬಹುದು.

ಮನೆಯ ಹಿರಿಯರ ಆತಂಕ ಬೇರೆಯದು. ಪೂಲ್ ಪಾರ್ಲರ್ ಎಂದರೆ ಸಿಗರೇಟು, ಬಾಜಿ, ಓದು ಬಿಟ್ಟ ಹುಡುಗರು ಎಂಬ ಭಾವನೆ ಗಟ್ಟಿಯಾಗಿದೆ. ಅದು ಆಧಾರವಿಲ್ಲದ ಭಯವಲ್ಲ. ಅಮೆರಿಕದಲ್ಲಿ ಈ ಆಟ ಬೆಳೆದದ್ದೇ ಹಣ ಕಟ್ಟಿ ಆಡುವ ಅಡ್ಡೆಗಳಲ್ಲಿ. 1961ರ ‘ದಿ ಹಸ್ಲರ್’ ಚಿತ್ರ ಆ ಲೋಕವನ್ನೇ ತೋರಿಸಿತು. ಇಂದಿಗೂ ಅಪಾಯ ಕಳೆದಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್‌ಷಿಪ್‌ ಗೆದ್ದ ಚೀನಾದ ಯಾನ್ ಬಿಂಗ್‌ಟಾವ್‌ಗೆ ಆಗ 14 ವರ್ಷ. ಅದೇ ಹುಡುಗ 2021ರಲ್ಲಿ ವೃತ್ತಿಪರರ ಪ್ರತಿಷ್ಠಿತ ಮಾಸ್ಟರ್ಸ್ ಪಟ್ಟ ಗೆದ್ದ. 2023ರಲ್ಲಿ ಪಂದ್ಯ ಮೋಸದಾಟದ ಪ್ರಕರಣದಲ್ಲಿ ಐದು ವರ್ಷ ನಿಷೇಧಕ್ಕೆ ಒಳಗಾದ. ಹತ್ತು ಚೀನೀ ಆಟಗಾರರು ಆ ಪ್ರಕರಣದಲ್ಲಿ ಶಿಕ್ಷೆ ಪಡೆದರು, ಇಬ್ಬರಿಗೆ ಆಜೀವ ನಿಷೇಧ. ಪಾರ್ಲರ್ ಮುಚ್ಚಿಸುವುದರಿಂದ ಬಾಜಿ ನಿಲ್ಲುವುದಿಲ್ಲ. ಆಟ ಸಂಘದ ಕೈಗೆ, ತರಬೇತುದಾರನ ಕಣ್ಣಿನ ಕೆಳಗೆ, ನೋಂದಣಿಯಾದ ಪಂದ್ಯಗಳಿಗೆ ಬಂದರೆ ಬಾಜಿಗೆ ಜಾಗ ಕಡಿಮೆಯಾಗುತ್ತದೆ.

ಕ್ಯೂ ಕ್ರೀಡೆ ಒಲಿಂಪಿಕ್ಸ್‌ನಲ್ಲಿ ಎಂದೂ ಇರಲಿಲ್ಲ. ಏಷ್ಯನ್ ಕ್ರೀಡಾಕೂಟಕ್ಕೆ 1998ರಲ್ಲಿ ಸೇರಿ, 2010ರ ನಂತರ ಹೊರಬಿತ್ತು. ಪದಕದ ಮೇಲೆ ನಿಂತಿರುವ ಸರ್ಕಾರಿ ಪ್ರೋತ್ಸಾಹ ಇದರಿಂದ ಸೊರಗಿತು; ಭಾರತೀಯ ಆಟಗಾರರಿಗೆ ಇದು ದೊಡ್ಡ ಹೊಡೆತ. ಒಲಿಂಪಿಕ್ಸ್‌ನಲ್ಲಿಲ್ಲದ ಕ್ರೀಡೆಗಳ ವರ್ಲ್ಡ್ ಗೇಮ್ಸ್‌ನಲ್ಲಿ ಮಾತ್ರ 2001ರಿಂದ ಸ್ಥಾನವಿದೆ.

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಈ ಆಟದ ಅನುಕೂಲವೊಂದಿದೆ: ಆಟಗಾರನ ಪಂದ್ಯಾಯುಸ್ಸು ದೀರ್ಘ. ಓಟಗಾರನಿಗೆ ಮೂವತ್ತಕ್ಕೆ ಇಳಿಗಾಲ. ಪೂಲ್‌ನಲ್ಲಿ ಕಣ್ಣು, ಬೆನ್ನು, ಮೊಣಕಾಲು ಸರಿ ಇರುವವರೆಗೆ ಆಡಬಹುದು. ಎದ್ದು ಬಾಗಿ ನಿಲ್ಲುವ ಭಂಗಿಯನ್ನು ದಿನಕ್ಕೆ ನೂರಾರು ಸಲ ಮಾಡಬೇಕಾದ್ದರಿಂದ ಸೊಂಟನೋವು ಈ ವೃತ್ತಿಯ ಸಾಮಾನ್ಯ ಕಾಯಿಲೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಲವತ್ತು ದಾಟಿದವರಿಗೆಂದೇ ಮಾಸ್ಟರ್ಸ್ ವಿಭಾಗವಿದೆ.